ಕೊಟ್ಟಿಗೆ ಶಾಲೆಯೂ ನೂರು ರೂಪಾಯಿ ಕಡಿತವೂ

ಕಾಮಾಕ್ಷಿಪಾಳ್ಯದ ಶಾಲೆಗೆ ಇದ್ದದ್ದು ಮೂರೇ ಗೋಡೆ. ನಾಲ್ಕನೆಯ ಕಡೆಗೆ ಬಿದಿರಿನ ತಡಿಕೆ. ಬೆಳಿಗ್ಗೆ ಅದನ್ನು ಸರಿಸಿದರೆ ಶಾಲೆ ಶುರು, ಸಂಜೆ ಎಳೆದರೆ ಮುಗಿಯಿತು. ಅದು ಊರಿನ ಒಬ್ಬ ಅಜ್ಜಿಯ ದನದ ಕೊಟ್ಟಿಗೆ. ಗಂಡ ತೀರಿಕೊಂಡ ಮೇಲೆ ಎತ್ತುಗಳನ್ನು ಮಾರಿದ್ದರು. ಖಾಲಿ ಬಿದ್ದ ಕೊಟ್ಟಿಗೆಯನ್ನು ಬಾಡಿಗೆ ಕೇಳದೆ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಎತ್ತುಗಳಿಗೆ ಮೇವು ಹಾಕುತ್ತಿದ್ದ ಕಲ್ಲಿನ ಗೋದಲಿಯೇ ಟೀಚರಮ್ಮನ ಮೇಜು. ನೆಲದಲ್ಲಿ ನಾಲ್ಕು ಗೂಟಗಳು ಹಾಗೇ ಉಳಿದಿದ್ದವು. ಇದ್ದ ಒಬ್ಬ ಟೀಚರಮ್ಮ ನಾಲ್ಕು ತರಗತಿಗಳನ್ನು ಆ ನಾಲ್ಕು ಗೂಟಗಳ ಸುತ್ತ ಕೂರಿಸುತ್ತಿದ್ದರು. ಹಾಗಾಗಿ ಅಲ್ಲಿನ ಮಕ್ಕಳು ತಾವು ಎಷ್ಟನೆಯ ತರಗತಿ ಎಂದು ಹೇಳುತ್ತಿರಲಿಲ್ಲ. ನನ್ನ ಆರು ವರ್ಷದ ಮಗಳು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು: "ನಾನು ಒಂದನೇ ಗೂಟ. ಬರೋ ವರ್ಷ ಎರಡನೇ ಗೂಟ."

ಐವತ್ತರ ದಶಕದ ಮೊದಲ ವರ್ಷಗಳವು. ನಾವು ರಾಜಾಜಿನಗರದ ಅಂಚಿನಲ್ಲಿ ಬಾಡಿಗೆಗಿದ್ದೆವು. ನಮ್ಮ ಕಡೆ ನಿವೇಶನಗಳಿಗೆ ನಂಬರು ಬಂದಿತ್ತು, ಶಾಲೆ ಬಂದಿರಲಿಲ್ಲ. ಬಡಾವಣೆಯ ಮಕ್ಕಳು ರಾಗಿ ಹೊಲದ ಬದುವಿನ ಮೇಲೆ ನಡೆದು ಕಾಮಾಕ್ಷಿಪಾಳ್ಯಕ್ಕೆ ಹೋಗುತ್ತಿದ್ದರು. ನಾನು ಒಂದು ಕನ್ನಡ ದಿನಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಶಾಸನಸಭೆ ಸೇರಿದ ದಿನಗಳಲ್ಲಿ ವರದಿಗಾರರ ಗ್ಯಾಲರಿಯಲ್ಲಿ ಕೂತು ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ನಮ್ಮ ಭಾಗದ ಸದಸ್ಯರು ಕೆಂಗೇರಿ ಕಡೆಯವರು. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ದಿನಾ ಬೆಳಿಗ್ಗೆ ಮೈಸೂರು ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಸಭೆಗೆ ನಡೆದು ಹೋಗುತ್ತಿದ್ದರು. ಭಾಷಣ ಮಾತ್ರ ನೀರಸ. ಅವರು ಎದ್ದು ನಿಂತರೆ ಗ್ಯಾಲರಿಯಲ್ಲಿ ನಮ್ಮ ಪೈಕಿ ಇಬ್ಬರು ಕಾಫಿಗೆ ಏಳುತ್ತಿದ್ದರು. ಅವರು ಮಾತಾಡುತ್ತಿದ್ದದ್ದೂ ಒಂದೇ ವಿಷಯ: ಪ್ರಾಥಮಿಕ ಶಾಲೆಗಳಿಗೆ ಸರ್ಕಾರ ಕೊಡುವ ಹಣ ಸಾಲದು. ಉಚಿತ ಶಿಕ್ಷಣ ಎಂದು ಕಾಗದದಲ್ಲಿ ಬರೆದರೆ ಆಗಲಿಲ್ಲ, ಮಕ್ಕಳು ಕೂರುವ ಜಾಗ ಯಾರದು, ಹಲಗೆ ಯಾರು ತಂದರು, ಸೀಮೆಸುಣ್ಣಕ್ಕೆ ಯಾರು ಕೊಟ್ಟರು ಎಂದು ವಿಚಾರಿಸಬೇಕು ಎನ್ನುವುದು ಅವರ ವಾದ.

ವಿಚಾರಿಸಿಯೇ ಮಾತಾಡುವವರು. ಕಾಮಾಕ್ಷಿಪಾಳ್ಯದ ಕೊಟ್ಟಿಗೆಗೆ ಎರಡು ಸಲ ಬಂದು ನೆಲದ ಮೇಲೆ ಕೂತು ಪಾಠ ಕೇಳಿದ್ದರು. ಎರಡನೆಯ ಸಲ ಅಜ್ಜಿಗೆ ಹೇಳಿ ಹೋಗಿದ್ದರು: "ಈ ಸಲ ಸಭೇಲಿ ಕಟ್ಟಡಕ್ಕೆ ಕೇಳ್ತೀನಿ ಕಣಮ್ಮ." ಅಜ್ಜಿಯೂ ಒಂದು ಮಾತು ಕೊಟ್ಟಿದ್ದರು. ಸರ್ಕಾರ ಕಟ್ಟಿಸುವುದಾದರೆ ರಸ್ತೆ ಪಕ್ಕದ ಹುಣಸೆಮರದ ಜಾಗವನ್ನು ಶಾಲೆಗೆ ಬರೆದುಕೊಡುತ್ತೇನೆ, ಅಲ್ಲಿಯವರೆಗೆ ಕೊಟ್ಟಿಗೆ ಮಕ್ಕಳದು. ಅಜ್ಜಿಯ ಮಾತಿಗೆ ಆಗಲೇ ಪೈಪೋಟಿ ಇತ್ತು. ಆ ಕಡೆ ಸಣ್ಣ ಸಣ್ಣ ವರ್ಕ್‌ಶಾಪುಗಳು ತಲೆ ಎತ್ತುತ್ತಿದ್ದವು. ಕಬ್ಬಿಣ ಕಡೆಯುವ ಲೇತ್ ಯಂತ್ರ ತಂದಿದ್ದ ಒಬ್ಬಾತ ಮೂರು ತಿಂಗಳಿಂದ ಕೊಟ್ಟಿಗೆಯನ್ನು ಬಾಡಿಗೆಗೆ ಕೇಳುತ್ತಿದ್ದ.

ಆಗ ಸಭೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ಸೇರುತ್ತಿತ್ತು. ಎದುರುಗಡೆ ಹೊಸ ಸೌಧ ಏಳುತ್ತಿತ್ತು. ಕಿಟಕಿ ತೆರೆದಿದ್ದರೆ ಭಾಷಣದ ಜೊತೆಗೆ ಉಳಿ ಸುತ್ತಿಗೆಯ ಸದ್ದೂ ಕೇಳಿಸುತ್ತಿತ್ತು. ಶಿಕ್ಷಣ ಇಲಾಖೆಯ ಬೇಡಿಕೆ, ಅಂದರೆ ವರ್ಷದ ಖರ್ಚಿಗೆ ಇಲಾಖೆ ಸಭೆಯನ್ನು ಕೇಳುವ ಹಣ, ಚರ್ಚೆಗೆ ಬಂದ ದಿನ ನಮ್ಮ ಸದಸ್ಯರು ಒಂದು ಕಡಿತ ಸೂಚನೆ ಮಂಡಿಸಿದರು.

ಇದನ್ನು ಇಲ್ಲಿಯೇ ವಿವರಿಸಿಬಿಡುತ್ತೇನೆ. ಅಂದು ವಿವರಿಸದೆ ಕೆಟ್ಟಿದ್ದೇನೆ. ಸಭೆಯ ನಿಯಮದಂತೆ ಹಣ ಹೆಚ್ಚು ಕೊಡಿ ಎಂದು ಸದಸ್ಯರು ಸೂಚನೆ ತರುವಂತಿಲ್ಲ. ಖರ್ಚು ಹೆಚ್ಚಿಸುವ ಅಧಿಕಾರ ಸರ್ಕಾರಕ್ಕೆ ಮಾತ್ರ. ಸದಸ್ಯರಿಗೆ ಇರುವ ದಾರಿ ಒಂದೇ, ಕಡಿಮೆ ಮಾಡಿ ಎನ್ನುವುದು. ಅದಕ್ಕೇ ಒಂದು ರೂಢಿ ಬೆಳೆದಿತ್ತು. ಯಾವ ಇಲಾಖೆಗೆ ಹಣ ಸಾಲದು ಎಂದು ಹೇಳಬೇಕೋ ಆ ಇಲಾಖೆಯ ಬೇಡಿಕೆಯಿಂದ ನೂರು ರೂಪಾಯಿ ಕಡಿಮೆ ಮಾಡಬೇಕು ಎಂದು ಸೂಚಿಸುವುದು. ಆಗ ಯಾಕೆ ಎಂದು ವಿವರಿಸಲು ಅವಕಾಶ ಸಿಗುತ್ತದೆ, ಮಂತ್ರಿಗಳು ಉತ್ತರ ಕೊಡಬೇಕಾಗುತ್ತದೆ. ಉತ್ತರ ಬಂದ ಮೇಲೆ ಸೂಚನೆಯನ್ನು ಹಿಂದಕ್ಕೆ ಪಡೆಯುವುದು. ನೂರು ರೂಪಾಯಿ ಯಾರೂ ಕಡಿಯುವುದಿಲ್ಲ. ಸಭೆಯೊಳಗೆ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಗ್ಯಾಲರಿಯಲ್ಲಿ ಕೂತ ನಮಗೂ.

ಅಂದು ಅವರು ಎಂದಿನಂತೆ ಕಾಗದ ನೋಡಿಕೊಂಡೇ ಮಾತಾಡಿದರು. ಮಧ್ಯದಲ್ಲಿ ಜೇಬಿಗೆ ಕೈಹಾಕಿ ಏನನ್ನೋ ಹೊರತೆಗೆದು ಎತ್ತಿ ಹಿಡಿದರು. ಸೀಮೆಸುಣ್ಣದ ತುಂಡು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು.

"ಸದಸ್ಯರು ಸಭೆಯಲ್ಲಿ ವಸ್ತುಗಳನ್ನು ಪ್ರದರ್ಶಿಸುವಂತಿಲ್ಲ," ಎಂದರು ಸಭಾಧ್ಯಕ್ಷರು.

"ವಸ್ತು ಅನ್ನೋಷ್ಟು ಇದರಲ್ಲಿ ಉಳಿದಿಲ್ಲ ಸ್ವಾಮಿ. ಒಳಗಿಟ್ಕೋತೀನಿ."

ಸಭೆ ನಕ್ಕಿತು. ಮೊದಲ ಸಲ ಅವರ ಭಾಷಣಕ್ಕೆ ಯಾರೂ ಕಾಫಿಗೆ ಏಳಲಿಲ್ಲ. ಅವರು ತುಂಡನ್ನು ಜೇಬಿಗಿಟ್ಟುಕೊಂಡು ಮುಂದುವರಿಸಿದರು: ಇದನ್ನು ಕೊಟ್ಟ ಉಪಾಧ್ಯಾಯಿನಿ ತಮ್ಮ ಸಂಬಳದಿಂದ ಇದನ್ನು ಕೊಳ್ಳುತ್ತಾರೆ, ಅವರ ಶಾಲೆಗೆ ನಾಲ್ಕನೆಯ ಗೋಡೆ ಇಲ್ಲ, ಸರ್ಕಾರ ಇಂಥ ಶಾಲೆಗಳಿಗೆ ಒಂದೊಂದು ಕೋಣೆಯನ್ನಾದರೂ ಕಟ್ಟಿಸಲಿ. ಮಂತ್ರಿಗಳು ರೂಢಿಯಂತೆ ಕಡಿತವನ್ನು ವಿರೋಧಿಸಿ, ಕೋಣೆಗಳ ವಿಷಯ ಪರಿಶೀಲಿಸುವುದಾಗಿ ಹೇಳಿದರು. ಸದಸ್ಯರು ಸೂಚನೆಯನ್ನು ಹಿಂದಕ್ಕೆ ಪಡೆದರು.

ಸಂಜೆ ಕಚೇರಿಯಲ್ಲಿ ವರದಿ ಬರೆದುಕೊಟ್ಟೆ. ನಮಗೆ ಕಲಿಸಿದ್ದ ಕ್ರಮ ಹೀಗೆ: ಸಭೆಯಲ್ಲಿ ಏನಾಯಿತೋ ಅದು ಮೊದಲು, ಯಾಕಾಯಿತು ಎನ್ನುವುದು ನಂತರ, ವರದಿಗೆ ಬಣ್ಣ ಕೊಡುವ ಸಣ್ಣ ವಿವರ ಕೊನೆಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಬುಡದಿಂದ ಕತ್ತರಿಸುತ್ತಾರೆ. ಕತ್ತರಿಸಿದರೂ ಸುದ್ದಿ ಉಳಿಯುವಂತೆ ಬರೆಯಬೇಕು. ನಾನು ಹಾಗೆಯೇ ಬರೆದೆ. ಶಿಕ್ಷಣದ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಬೇಕೆಂದು ಸದಸ್ಯರು ಸೂಚಿಸಿದರು. ಸಚಿವರು ಕಡಿತವನ್ನು ವಿರೋಧಿಸಿದರು. ಸೂಚನೆಯನ್ನು ಹಿಂದಕ್ಕೆ ಪಡೆಯಲಾಯಿತು. ಅದರ ಕೆಳಗೆ ಎರಡು ಪ್ಯಾರಾ, ಕೊಟ್ಟಿಗೆ, ಗೋಡೆ, ಸೀಮೆಸುಣ್ಣ. ಮನೆಗೆ ಹೋದೆ. ಅಂದು ಪುಟಕ್ಕೆ ಒಂದು ಜಾಹೀರಾತು ತಡವಾಗಿ ಬಂತಂತೆ. ಕೆಳಗಿನ ಎರಡೂ ಪ್ಯಾರಾ ಹೋದವು. ಮೇಲೆ ಉಪಸಂಪಾದಕರು ಕೊಟ್ಟ ಶೀರ್ಷಿಕೆ: ಶಿಕ್ಷಣಕ್ಕೆ ಕಡಿತ, ಸದಸ್ಯರ ಸೂಚನೆ.

ಬೆಳಿಗ್ಗೆ ಅದನ್ನು ಓದಿ ನಾನು ಬೇಜಾರು ಪಟ್ಟುಕೊಂಡದ್ದು ಸೀಮೆಸುಣ್ಣದ ವಿಷಯ ಬರಲಿಲ್ಲವಲ್ಲ ಎಂದು ಮಾತ್ರ. ಉಳಿದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಅದು ಶುಕ್ರವಾರ. ಸಂಜೆ ಮಗಳು ಹಲಗೆಯನ್ನು ಎದೆಗೆ ಒತ್ತಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

"ಅಪ್ಪ, ಇನ್ಮೇಲೆ ಶಾಲೆ ಇಲ್ಲ. ಸೋಮವಾರದಿಂದ ಬರಬೇಡಿ ಅಂದ್ರು ಅಜ್ಜಿ. ಗೂಟ ಎಲ್ಲ ಕೀಳ್ತಾರಂತೆ."

ಸ್ವಲ್ಪ ಹೊತ್ತಿಗೆ ಟೀಚರಮ್ಮನೇ ಬಂದರು. ಚಾಮರಾಜಪೇಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಕೈಯಲ್ಲಿ ನಮ್ಮ ಪತ್ರಿಕೆ. ಕೂರಿ ಎಂದರೂ ಕೂರಲಿಲ್ಲ.

"ಇದನ್ನ ಬರೆದೋರು ನೀವೇನಾ ಸಾರ್?"

"ಹೌದು."

"ಚಾಕ್‌ಪೀಸ್ ತೋರಿಸ್ಲಿಲ್ವಾ ಅವರು? ನನ್ನ ಹತ್ರ ಕೇಳಿ ಇಸ್ಕೊಂಡು ಹೋಗಿದ್ರು."

"ತೋರಿಸಿದ್ರು. ಕೊನೇ ಪ್ಯಾರಾದಲ್ಲಿ ಬರೆದಿದ್ದೆ."

"ಕೊನೇ ಪ್ಯಾರಾ ಎಲ್ಲಿ?"

ಜಾಹೀರಾತು ಕೂತಿದ್ದ ಜಾಗವನ್ನು ತೋರಿಸಿದೆ. ಊರಲ್ಲಿ ನಡೆದದ್ದನ್ನು ಅವರು ಹೇಳಿದರು. ಲೇತಿನವನು ಬೆಳಿಗ್ಗೆಯೇ ಪತ್ರಿಕೆ ಹಿಡಿದುಕೊಂಡು ಅಜ್ಜಿಯ ಜಗಲಿಗೆ ಹೋಗಿ ಓದಿ ಹೇಳಿದ್ದ. ಓದಿದ್ದರಲ್ಲಿ ಒಂದು ಪದವೂ ಅವನ ಸ್ವಂತದ್ದಲ್ಲ. ಅಜ್ಜಿಗೆ ಅರ್ಥವಾದದ್ದು ಇಷ್ಟು: ಶಾಲೆ ಕಟ್ಟಿಸುತ್ತೇನೆ ಎಂದು ಹೋದ ಮನುಷ್ಯ ಶಾಲೆಯ ಹಣವನ್ನೇ ಕಡಿಯಿರಿ ಎಂದ, ಮಂತ್ರಿ ಬೈದ, ಇವನು ಮಾತು ನುಂಗಿಕೊಂಡು ಕೂತ. ಕಡಿಯಿರಿ ಎಂದದ್ದಾದರೂ ಎಷ್ಟು? ನೂರು ರೂಪಾಯಿ. ಟೀಚರಮ್ಮನ ತಿಂಗಳ ಸಂಬಳವೇ ಅಷ್ಟಿರಲಿಲ್ಲ. ಕಡಿದರೆ ತಮ್ಮ ಊರಿನ ಶಾಲೆಯೇ ಹೋಗುತ್ತದೆ ಎಂದು ಅಲ್ಲಿಯವರು ಲೆಕ್ಕ ಹಾಕಿದ್ದರು. ಇನ್ನು ಕಟ್ಟಡ ಬರುವುದಿಲ್ಲ ಎಂದು ಅಜ್ಜಿ ಕೊಟ್ಟಿಗೆಯನ್ನು ಲೇತಿನವನಿಗೆ ಬಾಡಿಗೆಗೆ ಕೊಡಲು ಒಪ್ಪಿಬಿಟ್ಟಿದ್ದರು.

"ಅಜ್ಜಿಗೆ ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ," ಎಂದರು ಟೀಚರಮ್ಮ. "ಪೇಪರಲ್ಲಿ ಅಚ್ಚಾಗಿದೆ, ನೀನು ಬಾಯಲ್ಲಿ ಹೇಳ್ತೀಯ ಅಂತಾರೆ. ನನಗೆ ಬೇರೆ ಕಡೆ ವರ್ಗ ಆಗುತ್ತೆ, ಅದಲ್ಲ ವಿಷಯ. ಈ ಮಕ್ಕಳು ಟೋಲ್‌ಗೇಟ್ ದಾಟಿ ಬೇರೆ ಶಾಲೆಗೆ ಹೋಗ್ತಾವಾ? ನಾಲ್ಕನೇ ಗೂಟದಲ್ಲಿ ಮೂರು ಹೆಣ್ಣುಮಕ್ಕಳಿದಾರೆ. ಅವರನ್ನಂತೂ ಕಳಿಸಲ್ಲ."

ಮರುದಿನ ಬೆಳಿಗ್ಗೆ ಸಂಪಾದಕರ ಬಳಿ ಹೋಗಿ ತಿದ್ದುಪಡಿ ಹಾಕಬೇಕೆಂದು ಕೇಳಿದೆ. ಅವರು ನನ್ನ ಮುಂದೆ ಪತ್ರಿಕೆ ಹರವಿ ಕೆಂಪು ಪೆನ್ಸಿಲ್ ಕೊಟ್ಟರು. "ಯಾವ ವಾಕ್ಯ ತಪ್ಪು, ಗೆರೆ ಹಾಕಿ ತೋರಿಸಿ."

ಮೂರು ಸಲ ಓದಿದೆ. ಗೆರೆ ಹಾಕಲು ಒಂದು ವಾಕ್ಯವೂ ಸಿಗಲಿಲ್ಲ. ಪೆನ್ಸಿಲನ್ನು ಮೇಜಿನ ಮೇಲಿಟ್ಟು ಬಂದೆ. ಅವರನ್ನು ದೂರುವುದಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಜಾಹೀರಾತನ್ನೂ ದೂರುವುದಿಲ್ಲ. ಬುಡ ಹೋಗಬಹುದು ಎಂದು ಗೊತ್ತಿದ್ದೂ ಬುಡದಲ್ಲಿ ಅರ್ಥವನ್ನು ಇಟ್ಟವನು ನಾನು. ಎಲ್ಲರಿಗೂ ಗೊತ್ತಿರುವ ರೂಢಿ ಎಂದುಕೊಂಡಿದ್ದೆ. ನನ್ನ ಆ 'ಎಲ್ಲರೂ' ಕೆಂಪು ಕಟ್ಟಡದೊಳಗಿದ್ದವರು ಮಾತ್ರ.

ಮಧ್ಯಾಹ್ನ ಸದಸ್ಯರು ಪಾರ್ಕಿನ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಹೋಗಿ ಎಲ್ಲವನ್ನೂ ಹೇಳಿದೆ. ಅವರಿಗೆ ಆಗಲೇ ಬಿಸಿ ತಟ್ಟಿತ್ತು.

"ಬೆಳಿಗ್ಗೆ ರೈಲಲ್ಲಿ ಒಬ್ಬ ಕೇಳ್ದ, ಯಾಕೆ ಸ್ವಾಮಿ ಮಕ್ಕಳ ಮೇಲೆ ಕಣ್ಣು ಹಾಕಿದ್ರಿ ಅಂತ. ಕಡಿತ ಸೂಚನೆ ಅಂದ್ರೇನು ಅಂತ ಶುರು ಮಾಡ್ದೆ. ಮುಗಿಸೋಷ್ಟರಲ್ಲಿ ಸ್ಟೇಷನ್ ಬಂತು, ಅವನು ಇಳಿದು ಹೋದ." ಮೊಸರನ್ನವನ್ನು ಎರಡು ಪಾಲು ಮಾಡಿ ಡಬ್ಬಿಯ ಮುಚ್ಚಳದಲ್ಲಿ ನನ್ನ ಕಡೆ ಒಂದು ಪಾಲು ತಳ್ಳಿದರು. "ತಿನ್ನಿ. ಬೇಜಾರಾದ ಮುಖ ಇಟ್ಕೊಂಡು ನೋಡ್ತಾ ಕೂತ್ರೆ ನನಗೆ ಗಂಟಲಲ್ಲಿ ಇಳಿಯಲ್ಲ."

"ನೀವೇ ಒಂದ್ಸಲ ಬಂದು ಅಜ್ಜಿಗೆ ಹೇಳಿದ್ರೆ," ಎಂದೆ.

"ನಾನು ಹೋದ್ರೆ ತಪ್ಪು ಮುಚ್ಚಿಕೊಳ್ಳೋಕೆ ಬಂದ ಅಂತಾರೆ. ಅವರು ನಂಬಿರೋದು ನಿಮ್ಮನ್ನ, ನನ್ನನ್ನಲ್ಲ. ನೋಟ್‌ಬುಕ್ ಇದೆ ತಾನೆ? ಹೋಗಿ ಓದಿ."

ಭಾನುವಾರ ಬೆಳಿಗ್ಗೆ ನೋಟ್‌ಬುಕ್ ತೆಗೆದುಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಮಗಳು ಜೊತೆಗೆ ಹೊರಟಳು. ಹುಣಸೆಹಣ್ಣಿನ ಕಾಲ. ಅಜ್ಜಿ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಟೀಚರಮ್ಮ ನನಗಿಂತ ಮೊದಲೇ ಬಂದು ಗೋಣಿಯ ಇನ್ನೊಂದು ಅಂಚಿನಲ್ಲಿ ಕೂತು ನಾರು ತೆಗೆಯುತ್ತಿದ್ದರು. 

"ಪೇಪರಿನೋರಾ? ಬನ್ನಿ," ಎಂದರು ಅಜ್ಜಿ, ತಲೆ ಎತ್ತದೆ. "ಇನ್ನೇನು ಕಡ್ದವ್ರೆ ನಿಮ್ಮ ಸಭೇಲಿ?"

ನಾನು ಅಂದಿನ ಭಾಷಣವನ್ನು ಮೊದಲಿಂದ ಓದಿದೆ. ನನ್ನ ಗೀಚುಬರಹದಲ್ಲಿ ಬರೆದುಕೊಂಡದ್ದನ್ನು ಬಿಡಿಸಿ ಬಿಡಿಸಿ ಓದಬೇಕಾಗಿತ್ತು. ಕೊಟ್ಟಿಗೆಯ ಮಾತು ಬಂದಾಗ ಅಜ್ಜಿಯ ಕೈಯಲ್ಲಿನ ಕಬ್ಬಿಣದ ಸಲಾಕೆ ನಿಂತಿತು. ಊರ ಹೆಸರು ಹೇಳದೆ, ಒಬ್ಬ ತಾಯಿ ತಮ್ಮ ದನದ ಕೊಟ್ಟಿಗೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದಾರೆ, ಸರ್ಕಾರ ಆಕೆಗಿಂತ ಬಡವಾಗಿದೆಯೇ ಎಂದು ಸದಸ್ಯರು ಕೇಳಿದ್ದರು. ಆ ಸಾಲನ್ನು ಅಜ್ಜಿ ಎರಡನೆಯ ಸಲ ಓದಿಸಿದರು. ಒಳಗಿನಿಂದ ಅವರ ಸೊಸೆ ಬಂದು ಬಾಗಿಲಿಗೆ ಒರಗಿ ನಿಂತರು.

ಓದಿ ಮುಗಿಸಿದ ಮೇಲೆ ಅಜ್ಜಿ ಕೇಳಿದರು:

"ಇಷ್ಟೆಲ್ಲ ಚೆಂದಾಗಿ ಮಾತಾಡಿ, ಕಡೀಗೆ ನೂರು ರೂಪಾಯಿ ಕಡೀರಿ ಅಂತ ಯಾಕಂದ್ರು?"

"ಜಾಸ್ತಿ ಕೊಡಿ ಅಂತ ಕೇಳೋ ಹಾಗಿಲ್ಲ ಅಜ್ಜಿ, ಅಲ್ಲಿ ನಿಯಮ ಹಾಗಿದೆ. ಕಡಿಮೆ ಮಾಡಿ ಅಂದ್ರೆ ಮಾತ್ರ ಮಾತಾಡೋಕೆ ಬಿಡ್ತಾರೆ."

"ಜಾಸ್ತಿ ಬೇಕು ಅನ್ನೋಕೆ ಕಡಿಮೆ ಮಾಡಿ ಅನ್ಬೇಕಾ? ಅದ್ಯಾವ ಊರಿನ ನ್ಯಾಯ ಸಾಮಿ? ನನಗೆ ಕಿವಿಗೆ ಹೂ ಇಡಬ್ಯಾಡಿ."

ನಾನು ಮತ್ತೊಮ್ಮೆ ವಿವರಿಸಿದೆ. ಟೀಚರಮ್ಮ ವಿವರಿಸಿದರು. ನಾವು ವಿವರಿಸಿದಷ್ಟೂ ಅದು ನಮ್ಮ ಕಿವಿಗೇ ಸುಳ್ಳಿನಂತೆ ಕೇಳಿಸತೊಡಗಿತು. ಸಲಾಕೆ ಮತ್ತೆ ಶುರುವಾಯಿತು. ನಾನು ನೋಟ್‌ಬುಕ್ ಮುಚ್ಚಿದೆ.

ಆಗ ಬಾಗಿಲಲ್ಲಿದ್ದ ಸೊಸೆ ಮೆಲ್ಲಗೆ ಹೇಳಿದರು: "ಅತ್ತೆ, ನಾನು ಬಂದ ಹೊಸ್ದರಲ್ಲಿ ಮುದ್ದೆ ಅರ್ಧ ತಕ್ಕಳಿ ಅಂತಿದ್ನಲ್ಲ."

ಅಜ್ಜಿಯ ಕೈ ನಿಂತಿತು. ಸೊಸೆಯ ಕಡೆ ತಿರುಗಿ ನೋಡಿದರು. ಮುಖ ನಿಧಾನವಾಗಿ ಅರಳಿತು.

"ಅಯ್ಯೋ ಮಳ್ಳಿ," ಎಂದು ನಕ್ಕು ನನಗೆ ಹೇಳಿದರು. "ಕೇಳಿ ಸಾಮಿ. ಇವಳು ಮದುವೆ ಆಗಿ ಬಂದಾಗ ಸಾರು ಸಾಲ್ದು, ಇನ್ನೊಂದು ಸೌಟು ಹಾಕಿ ಅನ್ನೋಕೆ ಬಾಯಿಲ್ಲ. ಹೊಸ ಸೊಸೆ ಕೇಳಂಗಿಲ್ಲ ನಮ್ಮಲ್ಲಿ. ಅದ್ಕೆ ತಟ್ಟೆ ಮುಂದಕ್ಕೆ ತಳ್ಳಿ ಮುದ್ದೆ ಅರ್ಧ ತಕ್ಕಳಿ ಅನ್ನೋಳು. ಯಾಕವ್ವ, ಮೈ ಸರಿಯಿಲ್ವಾ ಅಂತ ನಾನೇ ಕೇಳ್ಬೇಕು. ಆಗ ಹೇಳೋಳು, ಇಷ್ಟು ಮುದ್ದೆಗೆ ಈ ಸಾರು ಎಲ್ಲಿ ಎಟುಕುತ್ತೆ ಅಂತ."

"ಮುದ್ದೆ ತಗೀತಿದ್ರಾ?" ಎಂದು ಟೀಚರಮ್ಮ ಕೇಳಿದರು.

"ಎಲ್ಲಿ ತಗೀತೀನಿ? ಸಾರು ಬಡಿಸ್ತಿದ್ದೆ."

"ಸಾರು ಬಡಿಸ್ತೀನಿ ಅಂದ್ಮೇಲೆ ನಾನೂ ಸುಮ್ನಾಗ್ತಿದ್ದೆ," ಎಂದರು ಸೊಸೆ. "ಅವರೂ ಹಂಗೇ ಹಿಂದಕ್ಕೆ ತಗೊಂಡವ್ರೆ."

ನಾನು ಗ್ಯಾಲರಿಯಲ್ಲಿ ಅದೆಷ್ಟೋ ಕಡಿತ ಸೂಚನೆಗಳನ್ನು ಬರೆದುಕೊಂಡಿದ್ದೆ. ಅದರ ಅರ್ಥವನ್ನು ಅಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ.

"ಮಂತ್ರಿ ಬಡಿಸಿದ್ನಾ?" ಎಂದರು ಅಜ್ಜಿ.

"ನೋಡ್ತೀವಿ ಅಂದಿದಾರೆ."

"ಅಂದ್ರೆ ಸಾರು ಇನ್ನೂ ಒಲೆ ಮೇಲದೆ." ಮತ್ತೆ ಹುಣಸೆಹಣ್ಣಿಗೆ ಕೈಹಾಕಿದರು. "ಲೇತಿನೋನಿಗೆ ಬ್ಯಾರೆ ಜಾಗ ನೋಡ್ಕೊ ಅಂತೀನಿ. ಆದ್ರೆ ಪೇಪರಿನೋರೇ, ಬರೋ ವರ್ಷ ಅವರು ಕೇಳಿದ್ಮೇಲೆ ನೀವೇ ಬಂದು ಇಲ್ಲಿ ಓದ್ಬೇಕು. ಪೂರ್ತಿ. ಅಚ್ಚಿನ ಮೇಲೆ ನನಗೆ ನಂಬಿಕೆ ಹೋಗ್ಬುಟ್ಟದೆ."

ಹೊರಡುವಾಗ ಮಗಳು ಸಿಗಲಿಲ್ಲ. ಕೊಟ್ಟಿಗೆಗೆ ಹೋಗಿ ನೋಡಿದರೆ ಒಂದನೆಯ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡುತ್ತಿದ್ದಳು. ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ನನ್ನ ಜೊತೆ ಬಂದಳು. ಸೋಮವಾರ ಬೆಳಿಗ್ಗೆ ತಡಿಕೆ ಸರಿಯಿತು.

ಮುಂದಿನ ವರ್ಷ ಸದಸ್ಯರು ಅದೇ ಸೂಚನೆ ಮಂಡಿಸಿದರು. ಅದರ ಮುಂದಿನ ವರ್ಷವೂ. ಪ್ರತಿ ಸಲವೂ ಹಿಂದಕ್ಕೆ ಪಡೆದರು. ನಾನು ವರದಿಯ ಮೊದಲ ವಾಕ್ಯದಲ್ಲೇ ಬರೆಯುತ್ತಿದ್ದೆ: ಪ್ರಾಥಮಿಕ ಶಾಲೆಗಳಿಗೆ ಹೆಚ್ಚಿನ ಹಣ ಬೇಕೆಂದು ಒತ್ತಾಯಿಸಲು ಸದಸ್ಯರು ನೂರು ರೂಪಾಯಿ ಕಡಿತ ಸೂಚಿಸಿದರು. ಉಪಸಂಪಾದಕರು ಇದು ವರದಿಯ ಕ್ರಮವಲ್ಲ ಎಂದು ಗೊಣಗುತ್ತಿದ್ದರು, ಆದರೆ ಹೊಡೆದು ಹಾಕುತ್ತಿರಲಿಲ್ಲ. ಭಾನುವಾರ ಜಗಲಿಗೆ ಹೋಗಿ ಪೂರ್ತಿ ಓದುತ್ತಿದ್ದೆ. ಕೇಳುವವರು ಹೆಚ್ಚಾದರು. ಎರಡನೆಯ ವರ್ಷ ಲೇತಿನವನೂ ಬಂದು ಹಿಂದೆ ನಿಂತಿದ್ದ. ಅವನ ಮಗ ಆಗ ಒಂದನೇ ಗೂಟ. "ಏನಪ್ಪ, ಓದೋಕೆ ಬರಲ್ವಾ ಈಗ, ಕೇಳೋಕೆ ಬಂದಿದೀಯ?" ಎಂದು ಅಜ್ಜಿ ಎಲ್ಲರ ಮುಂದೆ ಕೆಣಕಿದರು. ಅವನು ತಲೆ ಕೆರೆದುಕೊಂಡ.

ಕೊನೆಗೆ ಕೋಣೆ ಮಂಜೂರಾಯಿತು, ಒಂದೇ ಕೋಣೆ. ಆ ಪಟ್ಟಿಯಲ್ಲಿ ಇಂಥ ಬೇರೆ ಶಾಲೆಗಳೂ ಇದ್ದವು. ಅಜ್ಜಿ ಮಾತಿಗೆ ತಪ್ಪದೆ ಹುಣಸೆಮರದ ಜಾಗವನ್ನು ಬರೆದುಕೊಟ್ಟರು. ಮರ ಕಡಿಯಬಾರದು ಎಂದಷ್ಟೇ ಕರಾರು.

ಕೋಣೆ ಎದ್ದು ನಿಲ್ಲುವ ಹೊತ್ತಿಗೆ ಚುನಾವಣೆ ಬಂದು ಹೋಗಿತ್ತು. ನಮ್ಮ ಸದಸ್ಯರು ಸೋತಿದ್ದರು. ಪ್ರಚಾರದ ದಿನಗಳಲ್ಲಿ ಎದುರಾಳಿಯ ಕಡೆಯವರು ನನ್ನ ಹಳೆಯ ವರದಿಯನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ, ಮಾಗಡಿ ರಸ್ತೆಯುದ್ದಕ್ಕೂ ತೋರಿಸಿಕೊಂಡು ಹೋದದ್ದನ್ನು ನಾನೇ ಕಂಡೆ. ಅದರಿಂದಲೇ ಸೋತರು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಅದರಿಂದಲ್ಲ ಎಂದು ಹೇಳಲೂ ಇಲ್ಲ. ಒಮ್ಮೆ ಅವರ ಮುಂದೆ ಈ ಮಾತೆತ್ತಿದಾಗ ಅವರು ಕೇಳಿದ್ದು ಬೇರೆಯೇ: "ಕಿಟಕಿ ಎಷ್ಟು ಇಟ್ಟಿದಾರೆ ಕೋಣೆಗೆ?"

"ಎರಡು."

"ಸಾಲದು."

ಕೋಣೆ ತೆರೆದ ದಿನ ನಾನು ವರದಿಗೆ ಹೋಗಿದ್ದೆ. ಹೊಸ ಸದಸ್ಯರೂ ಅಧಿಕಾರಿಗಳೂ ಮರದ ಕೆಳಗಿನ ಕುರ್ಚಿಗಳಲ್ಲಿದ್ದರು. ಹಳೆಯ ಸದಸ್ಯರಿಗೆ ಆಹ್ವಾನ ಹೋಗಿರಲಿಲ್ಲ. ಟೀಚರಮ್ಮ ಅಂಚೆ ಕಾರ್ಡು ಬರೆದಿದ್ದರಂತೆ; ಅದನ್ನು ನೋಡಿ ಅವರು ರೈಲು ಇಳಿದು ಬಂದು ಪೋಷಕರ ಜೊತೆ ಚಾಪೆಯ ಮೇಲೆ ಕೂತರು. ಅಜ್ಜಿ ಸೊಸೆಯನ್ನು ಕರೆದು ಏನೋ ಹೇಳಿದರು. ಸೊಸೆ ಒಳಗೆ ಹೋಗಿ ಲೋಟ ತುಂಬ ಮಜ್ಜಿಗೆ ತಂದು, ಕುರ್ಚಿಗಳನ್ನು ದಾಟಿ ಬಂದು ಮೊದಲು ಅವರಿಗೆ ಕೊಟ್ಟರು.

ಮಗಳು ಆಗ ನಾಲ್ಕನೆಯ ತರಗತಿ. ಹೊಸ ಕೋಣೆಯ ನಯವಾದ ನೆಲವನ್ನು ನೋಡಿ ಟೀಚರಮ್ಮನ ಸೆರಗು ಹಿಡಿದು ಕೇಳಿದಳು: "ಇಲ್ಲಿ ಗೂಟಾನೇ ಇಲ್ವಲ್ಲ ಟೀಚರಮ್ಮ. ಯಾರು ಎಲ್ಲಿ ಕೂರೋದು?" ಟೀಚರಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆಯಿಂದ ಸೀಮೆಸುಣ್ಣ ತೆಗೆದರು, ಸರ್ಕಾರದಿಂದ ಬಂದ ಹೊಸ ಉದ್ದನೆಯ ತುಂಡು. ಬಗ್ಗಿ ನೆಲದ ಮೇಲೆ ನಾಲ್ಕು ಸುತ್ತು ಬರೆದರು. ಚಾಪೆಯಲ್ಲಿದ್ದ ಹಳೆಯ ಸದಸ್ಯರು ಮಜ್ಜಿಗೆಯ ಲೋಟ ಕೆಳಗಿಟ್ಟು, ತೆರೆದ ಬಾಗಿಲಿನಿಂದ ಅದನ್ನೇ ನೋಡುತ್ತಿದ್ದರು.

ಸಂಜೆ ಕಚೇರಿಯಲ್ಲಿ ನನಗೆ ಸಿಕ್ಕ ಜಾಗ ನಾಲ್ಕು ಸಾಲು. ಕ್ರಮದ ಪ್ರಕಾರ ಉದ್ಘಾಟಿಸಿದವರು ಮೊದಲು, ಬಂದಿದ್ದವರು ಕೊನೆಗೆ. ನಾನು ಹಳೆಯ ಸದಸ್ಯರ ಹೆಸರನ್ನು ಮೊದಲ ವಾಕ್ಯದಲ್ಲಿ ಬರೆದೆ. ಬುಡದಿಂದ ಎಷ್ಟು ಕತ್ತರಿಸಿದರೂ ಅದು ಉಳಿಯುತ್ತಿತ್ತು.